ವಿಜ್ಞಾನ ವಿಚಾರ: ಬಾವಿನ ದೂತ

ಗಂಗಾನಗರದ ವಾಚಕರೊಬ್ಬರು ನಮಗೊಂದು ಪ್ರಶ್ನೆಯನ್ನು ಕಳುಹಿಸಿರುವರು. ಉರಿ ಬಾವುಗಳಿಗೆ ಸಂಬಂಧಪಟ್ಟ ಮಾನವ ಪ್ರೋಟೀನನ್ನು ಶುದ್ಧಿಗೊಳಿಸಿ ಸಣ್ಣ ಸೀಸೆಗಳಲ್ಲಿ ಮಾರುವರಷ್ಟೆ. ಅದರ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದಿರುವುದೇಕೆ? ಮನೆಯ ಹಿರಿಯರ ಸಂಧಿವಾತಕ್ಕೆ ಅದನ್ನು ಕೊಡಬಾರದೆ?

ಕೊಡಲೇಕೂಡದು. ಅದು ಬಾವನ್ನು ಇಳಿಸುವ ಮದ್ದಲ್ಲ, ಏಳಿಸುವ ದೂತ.

ಮುಳ್ಳು ತಾಗಿದಲ್ಲಿ ಕೆಂಪು, ಊತ, ಬಿಸಿ, ನೋವುಗಳು ತೋರುವುದನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಬರೆದಿಟ್ಟಿರುವನು. ಆ ಸುದ್ದಿಯನ್ನು ದೇಹದೊಳಗೆ ಹರಡುವ ದೂತರಲ್ಲೊಂದು ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಎಂದರೆ ಟಿ.ಎನ್.ಎಫ್. 1975ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಲಿಗಳ ಗಂತಿಯನ್ನು ಕೊಳೆಯಿಸುವ ವಸ್ತುವೆಂದು ಇದಕ್ಕೆ ಈ ಹೆಸರನ್ನಿಟ್ಟರು. ಹೆಸರು ಇದರ ಮುಖ್ಯ ಕೆಲಸವನ್ನು ಹೇಳುವುದಿಲ್ಲವಾದರೂ ಇಟ್ಟದ್ದು ಉಳಿದುಕೊಂಡಿತು. ಅರ್ಬುದ ರೋಗಿಗಳ ರಕ್ತಕ್ಕೆ ಇದನ್ನೇ ಸೇರಿಸಿ ನೋಡಿದಾಗ ಜ್ವರವೇರಿ, ರಕ್ತದ ಒತ್ತಡವು ಅಪಾಯಕರವಾಗಿ ಕುಸಿದುದುಂಟು.

1984ರಲ್ಲಿ ಇದರ ಜೀನು ಕೈಗೆ ಸಿಕ್ಕಿತು. ಆ ಮಾನವ ಜೀನನ್ನು ಈ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ, ಅದು ತನ್ನ ಪ್ರೋಟೀನುಗಳ ಜತೆಗೆ ನಮ್ಮದನ್ನೂ ಕಟ್ಟಿಕೊಡುವುದು: 157 ಅಮೈನೋ ಆಮ್ಲಗಳ ಸರ, ಅಂಥವು ಮೂರು ಕೂಡಿದರೆ ಒಂದು ದೂತ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಹೊರತಂದ ಮಾನವ ಇನ್ಸುಲಿನ್ನೂ ಇದೇ ವಿದ್ಯೆಯ ಫಲ; ಅಲ್ಲಿ ದುಡಿದುದು ಯೀಸ್ಟು.

ಕಷ್ಟವಿರುವುದು ಶುದ್ಧೀಕರಣದಲ್ಲಿ. ಈ. ಕೋಲಿಯ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಿದೆ. ಅದು ತಾನೇ ಬಾವನ್ನೆಬ್ಬಿಸಬಲ್ಲದು! ಅಕ್ಕಿಯಲ್ಲಿ ಅಕ್ಕಿಯ ಬಣ್ಣದ್ದೇ ಕಲ್ಲಿದ್ದಂತೆ. ಅದರ ಲೇಶ ಉಳಿದರೂ, ಜೀವಕೋಶಗಳು ಕೆರಳಿದುದು ದೂತನಿಂದಲೋ ಕಸದಿಂದಲೋ ತಿಳಿಯದೆ ತಿಂಗಳುಗಳ ಶ್ರಮವು ವ್ಯರ್ಥವಾಗುವುದು. ಆದುದರಿಂದ ಕಡಲಿನ ಕುದುರೆಲಾಳದ ಏಡಿಯ ರಕ್ತಸಾರದಿಂದ ಈ ವಿಷವನ್ನು ಪರೀಕ್ಷಿಸುವ ಪದ್ಧತಿಯು ಬಂದಿತು. ಒಡಿಶಾದ ಕರಾವಳಿಯಲ್ಲಿಯೂ ಈ ಪ್ರಾಣಿಯುಂಟು.

ಹಾಗಾದರೆ ಸೀಸೆಯ ಉಪಯೋಗವೇನು? ದೂತನನ್ನು ತಡೆಯುವ ಮದ್ದನ್ನು ಹುಡುಕುವವರಿಗೆ ದೂತನೇ ಮೊದಲು ಬೇಕು. ಹಿಡಿಯಲು ಬಂದ ಮದ್ದು ನಿಜವಾಗಿ ಹಿಡಿಯುವುದೋ ಎಂದು ನೋಡಬೇಕಷ್ಟೆ. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಹಾಗೂ ಮಾರ್ಕ್ ಫೆಲ್ಡ್‌ಮನ್ ಇವರು 1992ರಲ್ಲಿ ಲಂಡನ್ನಿನಲ್ಲಿ ಟಿ.ಎನ್.ಎಫ್.ಅನ್ನು ತಡೆಯುವ ಪ್ರತಿಕಾಯವನ್ನು ಸಂಧಿವಾತದ ರೋಗಿಗಳಿಗೆ ಮೊದಲು ಕೊಟ್ಟರು. ಬಿಗಿದ ಕೀಲುಗಳು ಸಡಿಲಿದವು. ಈಗ ಅಂಥ ಮದ್ದುಗಳು ಬೆಂಗಳೂರಿನಲ್ಲಿಯೂ ದೊರೆಯುವುವು.

ವಾಚಕರ ಮನೆಯಲ್ಲಿ ವೈದ್ಯರು ಅವನ್ನು ಸೂಚಿಸಿದರೆ, ಮೊದಲು ಕ್ಷಯರೋಗದ ಪರೀಕ್ಷೆಯನ್ನು ಮಾಡಿಸುವರು. ಅದನ್ನು ವೃಥಾ ಖರ್ಚೆಂದು ಬಗೆಯಬಾರದು. ನಮ್ಮ ದೇಶದಲ್ಲಿ ಎಷ್ಟೋ ಜನರ ದೇಹದಲ್ಲಿ ಕ್ಷಯದ ಕ್ರಿಮಿಗಳು ಮಲಗಿರುವುವು. ಅವುಗಳ ಸುತ್ತ ಗೋಡೆ ಕಟ್ಟಿ ಕಾಯುವುದರಲ್ಲಿ ಇದೇ ಟಿ.ಎನ್.ಎಫ್. ಸಹಾಯಕವು. ದೂತನನ್ನು ತಡೆದರೆ ಕೀಲಿನ ನೋವು ಇಳಿಯುವುದು, ಗೋಡೆಯೂ ಸಡಿಲವಾಗುವುದು.