ವರ್ಷಗಂಧಿಗೆ ಲೀಟರಿನ ಅಳತೆಯೇ?

ಮಲೆನಾಡಿನ ದನಕ್ಕೆ ಮೂರು ಹೆಸರುಗಳಿವೆ. ಗಾತ್ರ ಕಂಡವರು ಗಿಡ್ಡವೆಂದರು. ಊರಿನ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದೆಂದು ಕೆಲವರು ಊರದನವೆಂದರು. ಸಾಕಿ ಬಲ್ಲವರು ವರ್ಷಗಂಧಿ ಎಂದರು. ವರ್ಷಕ್ಕೊಮ್ಮೆ ಗಬ್ಬವಾಗಿ ಕರು ಹಾಕುವ ದನವೆಂಬುದು ಈ ಮೂರನೆಯ ಹೆಸರಿನ ಭಾವ. ದನದ ಯೋಗ್ಯತೆಯನ್ನು ಹೇಗೆ ನೋಡಬೇಕೆಂಬ ತಿಳಿವಳಿಕೆ ಆ ಒಂದು ಪದದಲ್ಲೇ ಅಡಗಿದೆ. ಆದರೆ ಕಳೆದ ಕೆಲವು ದಶಕಗಳಿಂದ ಹಳ್ಳಿಹಳ್ಳಿಗೂ ಬಂದ ಪ್ರಗತಿಯ ಬೋಧನೆಗೆ ಗೊತ್ತಿರುವ ಪ್ರಶ್ನೆ ಒಂದೇ: ಎಷ್ಟು ಲೀಟರು?

ಈ ಪ್ರಶ್ನೆಗೆ ಗಿಡ್ಡ ಕೊಡುವ ಉತ್ತರ ಎಂದೂ ಚಿಕ್ಕದೇ. ಹೊತ್ತಿಗೆ ಒಂದು, ಒಂದೂವರೆ ಲೀಟರು. ಒಳ್ಳೆಯ ದನವಾದರೆ ಇನ್ನೂ ತುಸು ಹೆಚ್ಚು. ಅಷ್ಟಕ್ಕೇ ಅದನ್ನು ‘ಅನುತ್ಪಾದಕ’ ಎಂದು ಕರೆದು ಕೊಟ್ಟಿಗೆಯಿಂದ ಹೊರಹಾಕುವ ತೀರ್ಪು ನಡೆದುಬಂದಿದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದಲ್ಲಿ ವಿದೇಶಿ ಮತ್ತು ಮಿಶ್ರತಳಿಯ ದನಗಳು ಶೇಕಡಾ 26.9ರಷ್ಟು ಹೆಚ್ಚಿದವು; ದೇಶಿ ದನಗಳು ಶೇಕಡಾ 6ರಷ್ಟು ಇಳಿದವು. ಈ ಇಳಿಕೆಗೆ ಕಾರಣಗಳು ಹಲವು. ಅಳತೆಗೋಲಿನ ಪಾಲು ಅದರಲ್ಲಿ ಸಣ್ಣದಲ್ಲ.

ಲೀಟರಿನ ಹೊರತು ಬೇರೆ ಅಳತೆಯೇ ಇಲ್ಲವೆಂಬ ಭ್ರಮೆ ಇರುವವರು ಅಮೆರಿಕದ ಕಡೆ ನೋಡಬಹುದು. ಅಲ್ಲಿ ಮಾಂಸಕ್ಕಾಗಿ ದನ ಸಾಕುವ ಕುಟುಂಬಗಳ ಹಿಂಡು ಸರಾಸರಿ ನಲವತ್ತು-ಐವತ್ತು ಹಸುಗಳದ್ದು. ಆ ಸಾಕಾಣಿಕೆಯ ಉದ್ದೇಶ ಮಲೆನಾಡಿನದಲ್ಲ, ಆಗಬೇಕಾಗಿಯೂ ಇಲ್ಲ. ಗಮನಿಸಬೇಕಾದದ್ದು ಲೆಕ್ಕದ ರೀತಿಯನ್ನು. ಅಲ್ಲಿ ತಾಯಿದನದ ಹಾಲನ್ನು ಯಾರೂ ಕರೆದುಕೊಳ್ಳುವುದಿಲ್ಲ, ಅಷ್ಟೂ ಕರುವಿಗೆ. ಹಾಗಿದ್ದೂ ಪ್ರತಿ ಹಸುವಿನ ಯೋಗ್ಯತೆಯನ್ನು ಕಟ್ಟುನಿಟ್ಟಾಗಿ ಅಳೆಯುತ್ತಾರೆ.

ಅವರ ಮೊದಲ ಪ್ರಶ್ನೆ: ಈ ವರ್ಷ ಕರು ಹಾಕಿತೇ? ಹಸುವಿನ ಗರ್ಭಕಾಲ ಸುಮಾರು 283 ದಿನ. ವರ್ಷಕ್ಕೊಂದು ಕರು ಆಗಬೇಕಾದರೆ ಹಾಕಿದ 82 ದಿನಗಳೊಳಗೆ ಮತ್ತೆ ಗಬ್ಬವಾಗಬೇಕು. ಕರುವಿಗೆ ಹಾಲೂಡುತ್ತಲೇ, ಸಿಕ್ಕ ಹುಲ್ಲಿನಲ್ಲೇ, ಮೈ ಹಿಡಿದುಕೊಂಡು ಬೆದೆಗೆ ಬರುವ ಹಸು ಒಳ್ಳೆಯ ಹಸು. ಎರಡನೆಯ ಪ್ರಶ್ನೆ ಕರುವಿನ ಬೆಳವಣಿಗೆಯದು. ಮೊದಲು ಹುಟ್ಟಿದ ಕರು ಭಾರವಿರುವುದು ಸಹಜವಾದ್ದರಿಂದ ಎಲ್ಲ ಕರುಗಳ ತೂಕವನ್ನೂ 205 ದಿನಗಳ ವಯಸ್ಸಿಗೆ ಹೊಂದಿಸಿಕೊಂಡು ಹೋಲಿಸುತ್ತಾರೆ. ಚೊಚ್ಚಲ ಕರುವಿಗೆ ರಿಯಾಯಿತಿ ಕೊಡುತ್ತಾರೆ; ಹೋರಿಗರುವನ್ನೂ ಹೆಣ್ಣುಗರುವನ್ನೂ ನೇರವಾಗಿ ಹೋಲಿಸುವುದಿಲ್ಲ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: ಬೆಳೆದ ಕರು ತಾಯಿಯ ತೂಕದ ಎಷ್ಟನೆಯ ಪಾಲು? 600 ಕಿಲೋ ತೂಗುವ ಹಸು 240 ಕಿಲೋ ಕರುವನ್ನು ಬೆಳೆಸಿದರೆ ಅದು ಶೇಕಡಾ 40. 500 ಕಿಲೋ ಹಸು ಅಷ್ಟೇ ತೂಕದ ಕರುವನ್ನು ಬೆಳೆಸಿದರೆ ಶೇಕಡಾ 48. ಕೊಟ್ಟದ್ದು ಒಂದೇ, ತಿಂದದ್ದು ದೊಡ್ಡದೇ ಹೆಚ್ಚು. ದನವನ್ನು ಮಾಂಸದ ಲೆಕ್ಕದಲ್ಲಿ ನೋಡುವ ಸಾಕಣೆದಾರನಿಗೂ ಗಾತ್ರವೇ ಗುಣವಲ್ಲವೆಂದು ಗೊತ್ತಿದೆ. ಗೋವನ್ನು ಪೂಜಿಸುವ ನಾಡಿನಲ್ಲಿ ಆ ಮಾತನ್ನು ವಾದಿಸಿ ಹೇಳಬೇಕಾಗಿದೆ!

ಇದೇ ಲೆಕ್ಕವನ್ನು ಮಲೆನಾಡಿನ ಕೊಟ್ಟಿಗೆಗೆ ತಂದರೆ ಏನಾಗುತ್ತದೆ? ಗಿಡ್ಡದ ತೂಕ ಸುಮಾರು ನೂರು ಕಿಲೋ. ಮಿಶ್ರತಳಿಯ ಹಸುವಿನದು ನಾನೂರೆಂದು ಹಿಡಿಯೋಣ. ದನ ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ-ಮೂರು ಪಾಲಿನಷ್ಟು ಒಣ ಮೇವು ತಿನ್ನುತ್ತದೆ. ಹತ್ತು ಲೀಟರಿನ ಹಸು ನೂರು ಕಿಲೋ ಮೈಗೆ ಎರಡೂವರೆ ಲೀಟರು ಕೊಟ್ಟಂತಾಯಿತು. ಮೂರು ಲೀಟರಿನ ಗಿಡ್ಡ ಮೂರು ಕೊಟ್ಟಿತು. ಒಂದರ ಮೇವು ಕೊಂಡ ಹಿಂಡಿ, ಕೊಂಡ ಹುಲ್ಲು; ಇನ್ನೊಂದರದು ಬೆಟ್ಟದ ಸೊಪ್ಪು, ಬೇಣದ ಕರಡ. ಇದರ ಮೇಲೆ ಕರು ಕುಡಿದ ಹಾಲು ಡೇರಿಯ ಪುಸ್ತಕದಲ್ಲಿ ಬರುವುದೇ ಇಲ್ಲ. ಹದಿಮೂರು ತಿಂಗಳಿಗೊಮ್ಮೆ ಕರು ಹಾಕುವ ದನ ಹತ್ತು ವರ್ಷಗಳ ಅಂತರದಲ್ಲಿ ಒಂಬತ್ತು ಕರು ಕೊಟ್ಟರೆ, ಹದಿನೆಂಟು ತಿಂಗಳು ತೆಗೆದುಕೊಳ್ಳುವುದು ಆರೇಳಕ್ಕೆ ನಿಲ್ಲುತ್ತದೆ. ಅಡಿಕೆ ತೋಟದ ಬುಡಕ್ಕೆ ಬೀಳುವ ಗೊಬ್ಬರವನ್ನಂತೂ ಯಾವ ಲೀಟರೂ ಅಳೆಯದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟ ಪದ್ಧತಿಯ ನಡುವೆ ನಿಂತದ್ದು ಕೊಟ್ಟಿಗೆಯೇ ಅಲ್ಲವೇ?

ಸರ್ಕಾರದ ಹಣ ಮಾತ್ರ ಲೀಟರಿನ ಬೆನ್ನು ಹಿಡಿದಿದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಪ್ರೋತ್ಸಾಹಧನ 2016ರಲ್ಲಿ 5 ರೂಪಾಯಿಗೆ ಏರಿತು. ಹಾಲು ಮಾರಿಯೇ ಬದುಕುವ, ಮೇವಿನ ಅನುಕೂಲವಿರುವ ಮನೆಗೆ ಅದು ಆಸರೆಯೇ. ಅಂಥವರು ಮಿಶ್ರತಳಿ ಸಾಕಿದರೆ ತಪ್ಪೆನ್ನಲಾಗದು. ತಪ್ಪಿರುವುದು ಕಾಡಂಚಿನಲ್ಲಿ ಎರಡು ಗಿಡ್ಡ ಕಟ್ಟಿಕೊಂಡವನನ್ನೂ ಅದೇ ತಕ್ಕಡಿಗೆ ಏರಿಸಿ ನಗುವುದರಲ್ಲಿ.

ಗಿಡ್ಡದ ಭಕ್ತರನ್ನೂ ಇಲ್ಲಿ ಬಿಡುವಂತಿಲ್ಲ. ಅದರ ಹಾಲು ಅಮೃತ, ಮೂತ್ರ ಸರ್ವರೋಗಕ್ಕೆ ಮದ್ದು ಎಂದು ವೇದಿಕೆಯಲ್ಲಿ ಗುಡುಗುವವರಲ್ಲಿ ಎಷ್ಟು ಮಂದಿ ತಮ್ಮ ದನ ಹಿಂದಿನ ಸಲ ಕರು ಹಾಕಿದ ತಿಂಗಳನ್ನು ಬರೆದಿಟ್ಟಿದ್ದಾರೆ? ಗಿಡ್ಡಗಳಲ್ಲೂ ಒಳ್ಳೆಯದು, ಸಾಧಾರಣ, ಕೆಲಸಕ್ಕೆ ಬಾರದ್ದು ಎಂಬ ಭೇದವಿದೆ. ಯಾವ ತಾಯಿಯ ಹೋರಿಗರುವನ್ನು ಬೀಜಕ್ಕೆ ಉಳಿಸಬೇಕೆಂಬುದು ಲೆಕ್ಕವಿಲ್ಲದೆ ತಿಳಿಯದು. ಹೋರಿಯೇ ಇಲ್ಲದ ಊರುಗಳಲ್ಲಿ ಬೆದೆಗೆ ಬಂದ ದನ ಕೂಗಿ ಸುಮ್ಮನಾಗುತ್ತದೆ; ಆಮೇಲೆ ‘ಗಬ್ಬ ನಿಲ್ಲದ ದನ’ ಎಂಬ ಅಪವಾದ ಅದರ ಮೇಲೆ. ಬೇಣಗಳಿಗೆ ಅಕೇಶಿಯಾ ನೆಟ್ಟು, ಗೋಮಾಳವನ್ನು ಕರಗಿಸಿ, ದನದ ಮೈ ಇಳಿಯಿತೆಂದು ತಳಿಯನ್ನು ದೂರುವುದೂ ಇದೇ ಜಾತಿಯ ನ್ಯಾಯ.

ಲೆಕ್ಕಕ್ಕೆ ದೊಡ್ಡ ಯಂತ್ರ ಬೇಡ. ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ಸುತ್ತಳತೆ 45, ಉದ್ದ 35 ಇದ್ದರೆ ಸುಮಾರು 107 ಕಿಲೋ. ಮೂರು ದನಗಳ ಕೊಟ್ಟಿಗೆಯಲ್ಲಿ ಒಂದು ವರ್ಷದ ಹೋಲಿಕೆಯಿಂದ ತೀರ್ಪು ಕೊಡಲಾಗದು. ನಾಲ್ಕಾರು ಮನೆಗಳು ಸೇರಿ, ನಾಲ್ಕಾರು ವರ್ಷ ಬರೆಯಬೇಕು. ಕರು ಹಾಕಿದ ದಿನ, ಹೋರಿ ಯಾವುದು, ಕರುವಿನ ಆರು ತಿಂಗಳ ಅಳತೆ, ಕೊಂಡ ಹಿಂಡಿಯ ಖರ್ಚು, ಮದ್ದಿನ ಖರ್ಚು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಣಿತವಿಲ್ಲ. ದೀಪಾವಳಿಯ ಗೋಪೂಜೆಯ ಬೆಳಿಗ್ಗೆ ದನಗಳಿಗೆ ಮೈ ತೊಳೆದು, ಕೊರಳಿಗೆ ಹಾರ ಹಾಕುವಾಗ ಅವು ಹೇಗೂ ನಿಂತಿರುತ್ತವೆ. ಟೇಪನ್ನು ಅಂದೇ ಸುತ್ತಬಹುದು.