ಕಾಯಿಲ್‌ಓವರ್ ಹುಚ್ಚು (ಭಾಗ 4)

ಲೋನ್ ಮೇಲೆ ಥಾರ್ ತಗೊಂಡು, ಮೊದಲ ಸರ್ವೀಸೂ ಆಗದೆ "ಕಾಯಿಲ್‌ಓವರ್ ಹಾಕಿಸ್ಬೇಕು ಗುರು" ಅನ್ನೋರಿಗೆ ಇದು. ಕಂಪನಿಯ ಸ್ಪೆಸಿಫಿಕೇಶನ್ ಪಟ್ಟಿ ಓದಿದೀರಾ? 2020ರ ಥಾರ್‌ಗೆ ಮುಂದೆ, ಹಿಂದೆ ಎರಡೂ ಕಡೆ ಅದೇ ಇದೆ. ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂತಿದ್ರೆ ಅದೇ ಕಾಯಿಲ್‌ಓವರ್. ನಿಮಗೆ ಮಾರ್ತಿರೋದು ಅದರದ್ದೇ ದುಬಾರಿ ಅಣ್ಣನನ್ನ.

ಭಾರ ಹೊರೋದು ಸ್ಪ್ರಿಂಗ್, ಕುಣಿತ ನಿಲ್ಲಿಸೋದು ಶಾಕ್. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಆ ಕುಣಿತವನ್ನ ಶಾಖ ಮಾಡುತ್ತೆ. ಮರುಭೂಮಿ ರ್‍ಯಾಲಿಯಲ್ಲಿ ಗಂಟೆಗಟ್ಟಲೆ ಹಾರಿಸಿದ್ರೆ ಎಣ್ಣೆ ಕಾದು ತೆಳ್ಳಗಾಗಿ ಶಾಕ್ ಸೋಲುತ್ತೆ. ಪಕ್ಕದಲ್ಲಿ ಎಣ್ಣೆ ಡಬ್ಬಿ ಇರೋ ಶಾಕ್ ಬೇಕಾಗೋದು ಅವರಿಗೆ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿಬರೋರಿಗೆ, ಸಕಲೇಶಪುರದ ಎಸ್ಟೇಟ್ ದಾರೀಲಿ ಫಸ್ಟ್ ಗೇರಲ್ಲಿ ತೆವಳೋರಿಗೆ ಯಾಕೆ ಸ್ವಾಮಿ?

ರಿಂಗ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತಾರೆ. ಸುಳ್ಳು. ಗಾಡಿ ಎತ್ತರ ಆಗುತ್ತೆ, ಸ್ಪ್ರಿಂಗ್ ಅದೇ. ಜೊತೆಗೆ ಭಾರದ ಕೇಂದ್ರನೂ ಮೇಲೇರಿ ಘಾಟಿ ತಿರುವಲ್ಲಿ ಗಾಡಿ ಇನ್ನಷ್ಟು ವಾಲುತ್ತೆ. ಕಲ್ಲಿಗೆ ತಾಗೋ ಹಿಂದಿನ ಡಿಫರೆನ್ಷಿಯಲ್ ಮಾತ್ರ ಇದ್ದಲ್ಲೇ ಇರುತ್ತೆ. ಅದು ಮೇಲೇಳೋದು ದೊಡ್ಡ ಟೈರ್ ಹಾಕಿದ್ರೆ ಮಾತ್ರ.

ಪ್ಲೇಟ್ ಗಾಡಿ ಕಂಡ್ರೆ ನಗ್ತೀರಲ್ಲ, ಹಳೇ ಎಂಎಂ 540 ನಾಲ್ಕೂ ಚಕ್ರಕ್ಕೆ ಪ್ಲೇಟ್ ಇಟ್ಕೊಂಡೇ ಮಲೆನಾಡು ಹತ್ತಿದ್ದು. ಖಾಲಿ ಓಡಿಸಿದ್ರೆ ಸೊಂಟ ಹಿಡಿಯುತ್ತೆ, ಒಪ್ತೀನಿ. ಆದ್ರೆ ಕೊಬ್ಬರಿ ಮೂಟೆ ತುಂಬಿ ನೋಡಿ, ಹೇಗೆ ಕೂತ್ಕೊಳ್ಳುತ್ತೆ ಅಂತ. ಪ್ಲೇಟ್ ಮುರಿದ್ರೆ ಲಾರಿ ಕೆಲಸ ಮಾಡೋ ಮೇಸ್ತ್ರಿ ಒಬ್ಬರು ಸಾಕು. ನಿಮ್ಮ ಇಂಪೋರ್ಟೆಡ್ ಶಾಕ್‌ನ ಸೀಲ್ ಹೋದ್ರೆ ಬಿ.ಹೆಚ್. ರೋಡಲ್ಲಿ ಯಾರನ್ನ ಕೇಳ್ತೀರಾ? ಜಿಮ್ನಿಗೂ ಎರಡೂ ಕಡೆ ಗಟ್ಟಿ ಆಕ್ಸಲ್, ಸಾದಾ ಕಾಯಿಲ್ ಸ್ಪ್ರಿಂಗ್. ಅದೇನು ಬೆಟ್ಟ ಹತ್ತಲ್ವಾ?

ಅಂಗಡಿಯೋರು ಹೇಳದೇ ಇರೋದು ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52. ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನೋರು ಇದನ್ನೇ ಹಿಡ್ಕೊಂಡು ಕೂತ್ರೆ, ಲಿಫ್ಟ್ ಹಾಕಿದ ಅಂಗಡಿಯೋನು ನಿಮ್ಮ ಜೊತೆ ಬರ್ತಾನಾ? ಕಂತು ಕಟ್ತಿರೋ ಅಪ್ಪನಿಗೆ ಆಗ ಏನ್ ಹೇಳ್ತೀರಾ?

ದುಡ್ಡಿದ್ರೆ ಮೊದಲು ಒಳ್ಳೆ ಟೈರ್ ಹಾಕಿಸಿ. ಶಾಕ್‌ನಲ್ಲಿ ಎಣ್ಣೆ ಸೋರ್ತಿದ್ಯಾ, ಬುಷ್ ಸವೆದಿದ್ಯಾ ಬಗ್ಗಿ ನೋಡಿ. ಕೆಸರಿಗೆ ಇಳಿಯೋ ಮುಂಚೆ ಗಾಳಿ ಇಳಿಸಿ, ಡಾಂಬರ್ ಸಿಕ್ಕಿದ ಮೇಲೆ ವಾಪಸ್ ತುಂಬಿಸಿ. ಇದಕ್ಕೆ ಲೋನ್ ಬೇಕಾಗಲ್ಲ.

ಭಾಗ 5ರಲ್ಲಿ ಬುಷ್.