ಹಂಚು ತೆಗೆಯೋದು ಬೇಡ



ಕಾರವಾರ, ಅಂಕೋಲಾ ಕಡೆ ಈಗ ಎಷ್ಟೋ ಮನೆಗಳಲ್ಲಿ ಹಂಚು ತೆಗೆದು ತಗಡು ಹಾಕುತ್ತಿದ್ದಾರೆ. ನಮ್ಮ ಅಪ್ಪನೂ ಹಾಗೇ ಹೇಳುತ್ತಾರೆ. “ಮಂಗ ಹಾರಿದ್ರೆ ಹಂಚು ಒಡೀತದೆ, ವರ್ಷಾ ವರ್ಷಾ ಯಾರು ಹತ್ತಿ ಸರಿ ಮಾಡೋದು?” ಅವರು ಹೇಳೋದು ಸುಳ್ಳಲ್ಲ. ಕಳೆದ ಮಳೆಗಾಲದಲ್ಲಿ ಮಾಡು ಸೋರಿ ನನ್ನ ಸಮಾಜ ವಿಜ್ಞಾನದ ಪಟ್ಟಿ ಪೂರಾ ಒದ್ದೆಯಾಯಿತು.

ಆದರೆ ತಪ್ಪು ಹಂಚಿನದಲ್ಲ, ನಮ್ಮದು. ಒಡೆದ ಹಂಚಿನ ಬದಲಿಗೆ ಕಡಿಮೆ ದರದ ಹಳೇ ಹಂಚನ್ನು ಪರೀಕ್ಷೆ ಮಾಡದೇ ತಂದಿದ್ದೆವು. ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಬೇಕು ಎಂದು ಅಜ್ಜ ಹೇಳುತ್ತಾರೆ. ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಇಲ್ಲದಿದ್ದರೆ ಬಿರುಕು ಇದೆ, ಅಥವಾ ಸರಿ ಬೆಂದಿಲ್ಲ. ಹೊದೆಸುವಾಗ ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲಿನ ಹಂಚು ಕೆಳಗಿನದರ ತಲೆಯ ಮೇಲೆ ಕೂತರೆ ನೀರು ಒಳಗೆ ಬರೋದಿಲ್ಲ. ಹಂಚಿನ ಹಿಂದಿನ ಹಲ್ಲು ರೀಪಿಗೆ ಸಿಕ್ಕಿರಬೇಕು. ಕೊನೆಗೆ ನೆತ್ತಿಯ ಮೂಲೆ ಹಂಚಿನ ಸಂದಿಗೆ ಸಿಮೆಂಟು ಗಾರೆ ಮೆತ್ತಬೇಕು.

ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದಿನಿಂದ ಈ ಹಂಚು ಕರಾವಳಿಯ ಮಳೆಯನ್ನು ತಡೆದಿದೆ.

ಎಪ್ರಿಲ್‌ನಲ್ಲಿ ತಗಡಿನ ಕೆಳಗೆ ಕೂತು ನೋಡಿ, ತಲೆ ಸುಡುತ್ತದೆ. ಮಳೆ ಬಂದರೆ ಬಾಯಿಪಾಠ ಹೇಳಿದ್ದು ನಮಗೇ ಕೇಳೋದಿಲ್ಲ. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಬಹುದು. ತಗಡು ತುಕ್ಕು ಹಿಡಿದರೆ ಇಡೀ ತಗಡನ್ನೇ ತೆಗೆಯಬೇಕು.

ಆದ್ದರಿಂದ ಹತ್ತಿಪ್ಪತ್ತು ಹಂಚು ಹಿತ್ತಲಲ್ಲಿ ಹೆಚ್ಚಿಗೆ ಇಡೋಣ. ಮೇ ತಿಂಗಳಲ್ಲೇ ಮಾಡು ನೋಡೋಣ. ಹತ್ತೋದು ದೊಡ್ಡವರು, ಕೆಳಗಿನಿಂದ ಹಂಚು ಕೊಡೋದು ನಾವು. ಅಪ್ಪನಿಗೂ ಇದನ್ನೇ ಹೇಳಿದ್ದೇನೆ. “ನೋಡುವಾ” ಎಂದಿದ್ದಾರೆ.

– ಏಳನೇ ತರಗತಿ